ಕೊಡೆ ಮರೆತ ಅಮ್ಮನಿಗೆ ಹತ್ತಕ್ಕೆ ನಾಲ್ಕು

ಮೇಡಂ, ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಮಾದರಿ ಬರಹ ಮತ್ತು ಮಕ್ಕಳ ಬರವಣಿಗೆ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ. ಮಕ್ಕಳ ಬರವಣಿಗೆ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಮೇಷ್ಟ್ರುಗಳು ಕಡಿಮೆ, ಅದು ಸಂತೋಷ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಎರಡನೇ ಸಲ ಓದಿದಾಗಲೂ ಅದು ಇಳಿಯಲಿಲ್ಲ. ಹಾಗಾಗಿ ಮಿಕ್ಕಿದ್ದನ್ನು ಬಿಟ್ಟು ಆ ಪುಟದ ಬಗ್ಗೆಯೇ ಬರೆಯುತ್ತೇನೆ.

ಒಂಬತ್ತನೇ ತರಗತಿಗೆ ಮಲೆನಾಡಿನ ಮಳೆಯ ಮೇಲಿನ ಒಂದು ಪ್ರಬಂಧ ಓದಿಸಿದ್ದೀರಿ. ಆಮೇಲೆ ‘ಇದೇ ರೀತಿ ಮಳೆಯ ಬಗ್ಗೆ ಬರೆಯಿರಿ’ ಎಂದಿದ್ದೀರಿ. ಮಕ್ಕಳು ಬರೆದದ್ದರಲ್ಲಿ ಎರಡು ತುಣುಕು ಕೊಟ್ಟಿದ್ದೀರಿ. ನಿಮಗೆ ಮೆಚ್ಚುಗೆಯಾದ ಹುಡುಗನದು ಇದು:

“ಹಸಿರು ಸೀರೆಯುಟ್ಟ ಮಲೆನಾಡಿನ ಮಡಿಲಲ್ಲಿ ಮುತ್ತಿನ ಹನಿಗಳು ನರ್ತಿಸಿದವು. ಜೀರುಂಡೆಗಳು ಸಂಗೀತ ಹಾಡಿದವು.”

ಹತ್ತಕ್ಕೆ ಒಂಬತ್ತು. ಇನ್ನೊಂದು, ಒಬ್ಬ ಹುಡುಗಿಯದು:

“ಅಮ್ಮ ಕೊಡೆ ಮರೆತಿದ್ದಳು. ನಾವು ಶ್ರೀರಾಂಪುರ ಮೆಟ್ರೋ ಕೆಳಗೆ ನಿಂತೆವು. ಅಲ್ಲೂ ಸೋರುತ್ತಿತ್ತು. ಅಮ್ಮ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ನನ್ನ ತಲೆ ಮೇಲೆ ಹಿಡಿದಳು.”

ಹತ್ತಕ್ಕೆ ನಾಲ್ಕು. ಜೊತೆಗೆ ಕೆಂಪು ಶಾಯಿಯ ಷರಾ: ‘ವರ್ಣನೆ ಸಾಲದು. ಮಾದರಿಯನ್ನು ಗಮನಿಸು.’

ಮೊದಲು ಆ ಹುಡುಗನ ಸಾಲು ನೋಡೋಣ. ಹನಿಗಳು ನರ್ತಿಸಿದ್ದು ಎಲ್ಲಿ? ಹೆಂಚಿನ ಮೇಲೋ, ಎಲೆಯ ಮೇಲೋ, ಟಾರ್ಪಾಲಿನ ಮೇಲೋ? ಒಂದೊಂದರ ಸದ್ದು ಒಂದೊಂದು ಥರ. ಧೋ ಎಂದು ಮಳೆ ಸುರಿಯುವಾಗ ಜೀರುಂಡೆ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಮಳೆ ನಿಂತ ಮೇಲೆ ಶುರು ಮಾಡುತ್ತದೆ. ಹುಡುಗ ಅದನ್ನು ಕೇಳಿಲ್ಲ. ತಪ್ಪು ಅವನದಲ್ಲ. ರಾಜಾಜಿನಗರದಲ್ಲಿ ಬೆಳೆದವನಿಗೆ ನೀವು ಬೇರೆಯವರ ಮಳೆ ಕೊಟ್ಟಿರಿ, ಅವನು ಅದನ್ನೇ ವಾಪಸ್ ಕೊಟ್ಟ.

ಈಗ ಆ ಹುಡುಗಿಯ ಸಾಲು. ‘ಮರೆತಳು’ ಅಲ್ಲ, ‘ಮರೆತಿದ್ದಳು’. ಕೊಡೆ ಬೆಳಿಗ್ಗೆಯೇ ಮನೆಯಲ್ಲಿ ಉಳಿದಿದೆ, ಅದು ಗೊತ್ತಾಗಿದ್ದು ಮಳೆ ಬಂದ ಮೇಲೆ. ಆಮೇಲೆ ‘ಅಲ್ಲೂ ಸೋರುತ್ತಿತ್ತು’. ಆ ‘ಲೂ’ ನೋಡಿ ಮೇಡಂ. ಓಡಿ ಬಂದದ್ದು, ಇಲ್ಲಿ ನೆನೆಯುವುದಿಲ್ಲ ಅಂದುಕೊಂಡದ್ದು, ಅದೂ ಸುಳ್ಳಾದದ್ದು, ಎಲ್ಲ ಆ ಒಂದು ಅಕ್ಷರದಲ್ಲಿದೆ. ಇನ್ನು ಮುಚ್ಚಳ. ಹೆಚ್ಚೆಂದರೆ ಅಂಗೈಯಗಲ ಇರುತ್ತದೆ. ಅದರಿಂದ ಮಳೆ ತಡೆಯುವುದಿಲ್ಲ ಅಂತ ಅಮ್ಮನಿಗೂ ಗೊತ್ತು. ಆದರೂ ಹಿಡಿದಳು. ‘ಪ್ರೀತಿ’ ಎಂಬ ಪದವನ್ನು ಹುಡುಗಿ ಬರೆದೇ ಇಲ್ಲ.

ಇದಕ್ಕಿಂತ ಜಾಸ್ತಿ ವರ್ಣನೆ ಏನು ಬೇಕಿತ್ತು?

ನೀವು ಓದಿಸಿದ ಪ್ರಬಂಧದ ಲೇಖಕರು ಮಾಡಿದ್ದೂ ಇದನ್ನೇ ಅಲ್ವಾ? ತಮ್ಮ ಅಂಗಳದಲ್ಲಿ ಬಿದ್ದ ಮಳೆಯನ್ನು ಬರೆದರು. ಹುಡುಗಿ ತನ್ನ ಮಳೆಯನ್ನು ಬರೆದಳು. ಮಾದರಿಯನ್ನು ಗಮನಿಸಿದವಳು ಅವಳು. ಹುಡುಗ ಅದರ ಪದಗಳನ್ನು ಮಾತ್ರ ಎತ್ತಿಕೊಂಡ.

ಇನ್ನೊಂದು ತಕರಾರಿದೆ. ‘ಲೇಖಕರು ಮಳೆಯನ್ನು ಅದ್ಭುತವಾಗಿ ಕಟ್ಟಿಕೊಟ್ಟಿದ್ದಾರೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಹೇಗೆ ಕಟ್ಟಿದರು ಅಂತ ಒಂದು ಕಡೆಯೂ ತೋರಿಸಿಲ್ಲ. ಯಾವ ವಾಕ್ಯ ಗಿಡ್ಡ, ಎಲ್ಲಿ ನಿಂತರು, ಯಾವುದನ್ನು ಹೇಳದೆ ಬಿಟ್ಟರು, ಒಂದೂ ಇಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ಬರೆಯುವವರಿಗಾಗಿಯೇ ಬರೆದದ್ದು. ಅದರಲ್ಲಿ ದೋಷ ಇರುವ ಪದ್ಯ ಕೊಟ್ಟು, ಅದನ್ನು ತಿದ್ದಿದರೆ ಹೇಗಿರುತ್ತದೆ ಅಂತಲೂ ತೋರಿಸುತ್ತಾರೆ. ನಿಮ್ಮ ಮಕ್ಕಳು ನೋಡಿದ್ದು ಅಚ್ಚಾಗಿ ಬಂದ ಪುಟವನ್ನು ಮಾತ್ರ. ಅದರ ಹಿಂದೆ ಹೊಡೆದುಹಾಕಿದ ಸಾಲುಗಳಿದ್ದವು ಅಂತ ಅವರಿಗೆ ಯಾರೂ ಹೇಳಿಲ್ಲ.

ನನಗೆ ಹೇಳಿದವರು ಒಬ್ಬರಿದ್ದರು. ಚಾಮರಾಜಪೇಟೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ನಾನು ಆಗ ತಾನೇ ಸೇರಿದ್ದೆ. ಅಚ್ಚಿಗೆ ಇನ್ನೂ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲ. ನಮ್ಮ ಹಿರಿಯ ಉಪಸಂಪಾದಕರು ಹಳೇ ಸಂಚಿಕೆಯ ಒಂದು ವರದಿ ಕೊಟ್ಟು, ಕೈಯಲ್ಲಿ ನಕಲು ಮಾಡು ಎಂದರು. ಒಂದು ಸಂತೆಯ ವರದಿ ಅದು. ಮಾಡಿದೆ. ಮುಚ್ಚಿಡು, ಈಗ ಕೆ.ಆರ್. ಮಾರುಕಟ್ಟೆಗೆ ಹೋಗಿ ಬಂದು ಬರೆ ಎಂದರು. ಬೆಳಗಿನ ಜಾವ ನಾಲ್ಕಕ್ಕೆ ಹೋದೆ. ಬಂದು ‘ಹೂವಿನ ಲೋಕವೇ ಧರೆಗಿಳಿದಿತ್ತು’ ಅಂತ ಶುರು ಮಾಡಿದೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: “ಮಲ್ಲಿಗೆ ಮೊಳದ ಲೆಕ್ಕದಲ್ಲಿ ಮಾರ್ತಾರಲ್ಲ, ಯಾರ ಮೊಳ?”

ಮಾರನೇ ದಿನ ಮತ್ತೆ ಹೋದೆ. ಸಾಲಾಗಿ ಕೂತ ಹೆಂಗಸರ ಕೈಗಳನ್ನೇ ನೋಡಿದೆ. ಮೊಳಕೈಯಿಂದ ನಡುಬೆರಳ ತುದಿವರೆಗೆ ಅಳೆಯುತ್ತಿದ್ದರು. ಒಬ್ಬ ಅಜ್ಜಿಯ ಕೈ ಗಿಡ್ಡ. ಅವಳ ಹತ್ತಿರ ಗಿರಾಕಿ ಕಡಿಮೆ. ಅದಕ್ಕೆ ಅವಳು ಪ್ರತಿ ಮೊಳಕ್ಕೂ ನಾಲ್ಕು ಬೆರಳು ಜಾಸ್ತಿ ಎಳೆದು ಕತ್ತರಿಸುತ್ತಿದ್ದಳು. ಅದನ್ನು ಹಾಗೇ ಬರೆದೆ. ಆಮೇಲೆ ಆ ಹಳೇ ವರದಿ ತೆಗೆದು ಓದಿದರೆ, ಅಲ್ಲೂ ಇಂಥದ್ದೇ ಕೆಲಸ ಕಂಡಿತು. ತಕ್ಕಡಿ, ಚಿಲ್ಲರೆ, ಉಗುರಿನ ಮಣ್ಣು. ನಕಲು ಮಾಡುವಾಗ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮಾದರಿ ಓದಿಸುವುದನ್ನು ಬಿಡಬೇಡಿ. ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಬಂದು ಬರೆಯಲಿ, ಆಮೇಲೆ ಪ್ರಬಂಧ ಓದಿಸಿ. ಆಗ ಅದರಲ್ಲಿ ಏನು ಹುಡುಕಬೇಕು ಅಂತ ಅವರಿಗೇ ಗೊತ್ತಿರುತ್ತದೆ.

ಲೇಖನವನ್ನು ಈಗ ಹಾಕುವುದಿಲ್ಲ. ಆ ಹುಡುಗಿಯ ನಾಲ್ಕು ವಾಕ್ಯದಿಂದ ಶುರು ಮಾಡಿ ಮತ್ತೆ ಬರೆಯಿರಿ. ನಿಮ್ಮ ಕೆಂಪು ಷರಾ ಅಳಿಸಬೇಡಿ, ಅದೂ ಇರಲಿ. ಅವಳು ಮಳೆ ಬಗ್ಗೆ ಬರೆದ ಪೂರ್ತಿ ಪುಟ ಇದ್ದರೆ ಅದನ್ನೂ ಕಳಿಸಿ. ಅವಳೂ ಅವಳಮ್ಮನೂ ಒಪ್ಪಿದರೆ ಬೇರೆಯಾಗಿಯೇ ಅಚ್ಚು ಹಾಕುತ್ತೇನೆ.