ಪ್ಲಾಂಕ್ ನಕ್ಷೆಯಿಂದ ತೆಗೆದ ಪವರ್ ಸ್ಪೆಕ್ಟ್ರಮ್ ಪ್ರಕಟಿತ ಗ್ರಾಫ್‌ಗೆ ಯಾಕೆ ಹೊಂದುತ್ತಿಲ್ಲ?

ಪ್ಲಾಂಕ್ ಅಳೆದದ್ದು ಮಹಾಸ್ಫೋಟದ ನಂತರ ಉಳಿದ ಹಿನ್ನೆಲೆ ವಿಕಿರಣದ ತಾಪಮಾನದ ಏರಿಳಿತವನ್ನು. ಯಾವ ಕೋನದ ಗಾತ್ರದಲ್ಲಿ ಆ ಏರಿಳಿತ ಎಷ್ಟಿದೆ ಎಂದು ತೋರಿಸುವುದೇ ಪವರ್ ಸ್ಪೆಕ್ಟ್ರಮ್. ಅದರ ಅಡ್ಡ ಅಕ್ಷವೇ ಎಲ್, ಎಲ್ ಹೆಚ್ಚಿದಷ್ಟೂ ಆಕಾಶದ ವಿವರ ಸಣ್ಣದು. ನೀವು ಕೊಟ್ಟಿರುವ ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಪ್ಲಾಂಕ್ ಉಪಗ್ರಹದ 2018ರ ಸ್ಮೈಕಾ ನಕ್ಷೆಯನ್ನು (ಹಲವು ಆವರ್ತನಗಳ ನಕ್ಷೆಗಳನ್ನು ಬೆರೆಸಿ ಶುಚಿಗೊಳಿಸಿದ್ದು) ಕಾಮನ್ ಮಾಸ್ಕ್‌ನಿಂದ, ಅಂದರೆ ನಂಬಲಾಗದ ಭಾಗಗಳನ್ನು ಮುಚ್ಚುವ ನಕ್ಷೆಯಿಂದ ಗುಣಿಸಿ, ಹೀಲ್‌ಪೈ ಎಂಬ ಪೈಥಾನ್ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ಲೆಕ್ಕ ಹಾಕುವ ಅನಾಫಾಸ್ಟ್ ಓಡಿಸಿದ್ದೀರಿ. ಮೊದಲ ಶೃಂಗ ಎಲ್ 220ರ ಹತ್ತಿರವೇ ಬಂದಿದೆ, ಆದರೆ ಅದರ ಎತ್ತರ 5,730ರ ಬದಲು ಸುಮಾರು 4,380 ಮೈಕ್ರೊಕೆಲ್ವಿನ್ ವರ್ಗ. ಮೂರನೆಯ ಶೃಂಗ 2,520ರ ಬದಲು 1,500ರ ಆಸುಪಾಸಿನಲ್ಲಿದೆ. ಅಂದರೆ ಶೃಂಗಗಳ ಜಾಗ ಸರಿ, ಎತ್ತರ ತಪ್ಪು, ಅದೂ ಎಲ್ ಹೆಚ್ಚಿದಷ್ಟೂ ಹೆಚ್ಚು ತಪ್ಪು. ಫೈಲ್ ಓದುವಾಗ ಏನೋ ಕೆಟ್ಟಿದ್ದರೆ ಶೃಂಗಗಳೇ ಕಾಣುತ್ತಿರಲಿಲ್ಲ. ನಿಮ್ಮಲ್ಲಿ ಎರಡು ತಿದ್ದುಪಡಿಗಳು ಬಿಟ್ಟುಹೋಗಿವೆ, ಅಷ್ಟೇ.

ಮೊದಲನೆಯದು ಮಾಸ್ಕ್. ಆಕಾಶಗಂಗೆಯ ಪಟ್ಟಿಯನ್ನೂ ಪ್ರಖರ ರೇಡಿಯೊ ಮೂಲಗಳನ್ನೂ ಮುಚ್ಚಿದ ಮೇಲೆ ಉಳಿಯುವುದು ಆಕಾಶದ 77.9%. ಮುಚ್ಚಿದ ಪಿಕ್ಸೆಲ್‌ಗಳು ಸೊನ್ನೆಯಾಗಿ ಲೆಕ್ಕಕ್ಕೆ ಸೇರುವುದರಿಂದ ಇಡೀ ಸ್ಪೆಕ್ಟ್ರಮ್ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಮಾಸ್ಕ್‌ನ ವರ್ಗದ ಸರಾಸರಿಯಿಂದ ಭಾಗಿಸಿ. 4,380 ಭಾಗಿಸು 0.779 ಅಂದರೆ ಸುಮಾರು 5,620. ಮಾಸ್ಕ್ ಬರೀ 0 ಮತ್ತು 1 ಇದ್ದರೆ ವರ್ಗದ ಸರಾಸರಿಯೂ ಮಾಸ್ಕ್‌ನ ಸರಾಸರಿಯೂ ಒಂದೇ. ಅಂಚನ್ನು ನಯಗೊಳಿಸಿದ ಮಾಸ್ಕ್ ಬಳಸಿದರೆ ಎರಡೂ ಬೇರೆಯಾಗುತ್ತವೆ, ಆಗ ವರ್ಗದ ಸರಾಸರಿಯನ್ನೇ ಹಿಡಿಯಬೇಕು.

ಎರಡನೆಯದು ಬೀಮ್, ಅಂದರೆ ದೂರದರ್ಶಕದ ನೋಟದ ಮಸುಕು. ಸ್ಮೈಕಾ ನಕ್ಷೆಯನ್ನು 5 ಆರ್ಕ್‌ಮಿನಿಟ್ ಅಗಲದ ಗಾಸಿಯನ್ ಬೀಮ್‌ಗೆ ಹೊಂದಿಸಿಟ್ಟಿದ್ದಾರೆ. ಅದಕ್ಕಿಂತ ಸಣ್ಣ ವಿವರವೆಲ್ಲ ಮಸುಕು. ಈ ಮಸುಕು ಪವರ್‌ನ ಎಷ್ಟು ಭಾಗವನ್ನು ಉಳಿಸುತ್ತದೆ ನೋಡಿ: ಎಲ್ 220ರಲ್ಲಿ 98%, 810ರಲ್ಲಿ 78%, 1,000ದಲ್ಲಿ 68%, 2,000ದಲ್ಲಿ ಬರೀ 22%. ಇದರ ಮೇಲೆ ಪಿಕ್ಸೆಲ್‌ನ ಗಾತ್ರದಿಂದಲೂ ಸ್ವಲ್ಪ ನಷ್ಟ ಇದೆ. ನಕ್ಷೆಯನ್ನು ಎಷ್ಟು ಸಣ್ಣದಾಗಿ ಹೋಳು ಮಾಡಿದೆ ಎಂದು ಹೇಳುವ ಎನ್‌ಸೈಡ್ 2048 ಅಂದರೆ 5,03,31,648 ಪಿಕ್ಸೆಲ್‌ಗಳು, ಒಂದೊಂದೂ 1.7 ಆರ್ಕ್‌ಮಿನಿಟ್, ಎಲ್ 2,000ದಲ್ಲಿ ಇದರಿಂದ ಸುಮಾರು 8% ಹೋಗುತ್ತದೆ. ಬೀಮ್ ಫಂಕ್ಷನ್‌ನ ವರ್ಗ, ಪಿಕ್ಸೆಲ್ ವಿಂಡೋದ (ಪಿಕ್ಸೆಲ್ ಗಾತ್ರದ ನಷ್ಟವನ್ನು ಹೇಳುವ ಫಂಕ್ಷನ್) ವರ್ಗ, ಎರಡರಿಂದಲೂ ಭಾಗಿಸಿ. ನಿಮ್ಮ ಮೊದಲ ಶೃಂಗ 5,730ಕ್ಕೆ ಬಂದು ನಿಲ್ಲುತ್ತದೆ, ಮೂರನೆಯದು 2,500 ದಾಟುತ್ತದೆ. ಬೀಮ್ ಫಂಕ್ಷನ್ ಲೆಕ್ಕ ಹಾಕುವ ಹೀಲ್‌ಪೈಯ ಗಾಸ್‌ಬೀಮ್‌ಗೆ ಅಗಲವನ್ನು ರೇಡಿಯನ್‌ನಲ್ಲಿ ಕೊಡಬೇಕು. 5 ಎಂದು ಹಾಗೇ ಕೊಟ್ಟರೆ ಬೀಮ್ ಕೆಲವೇ ಎಲ್‌ಗಳಲ್ಲಿ ಸೊನ್ನೆ ಮುಟ್ಟಿ, ಭಾಗಾಕಾರ ಅನಂತಕ್ಕೆ ಓಡುತ್ತದೆ.

ಇಷ್ಟು ಮಾಡಿದ ಮೇಲೆ ಹೊಸದೊಂದು ತೊಂದರೆ ಕಾಣಿಸಿಕೊಳ್ಳುತ್ತದೆ: ಬಲತುದಿಯಲ್ಲಿ ಬಾಲ ಮೇಲಕ್ಕೆ ಏಳುತ್ತದೆ. ಡಿಟೆಕ್ಟರ್‌ನ ಗದ್ದಲ ಬೀಮ್‌ನಿಂದ ಮಸುಕಾಗಿಲ್ಲ, ಆದರೆ ಭಾಗಿಸುವಾಗ ಅದನ್ನೂ ಎಲ್ 2,000ದಲ್ಲಿ ಸುಮಾರು 5 ಪಟ್ಟು ಹಿಗ್ಗಿಸಿರುತ್ತೀರಿ. ಗದ್ದಲವನ್ನು ಅಂದಾಜು ಮಾಡಿ ಕಳೆಯುವ ದಾರಿಯೂ ಇದೆ, ಆದರೆ ಅಂದಾಜಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಬಾಲ ಪೂರ್ತಿ ಕೆಡುತ್ತದೆ. ಅದಕ್ಕಿಂತ ಎರಡು ನಕ್ಷೆಗಳನ್ನು ಒಂದರೊಡನೊಂದು ಹೋಲಿಸುವ ಕ್ರಾಸ್ ಸ್ಪೆಕ್ಟ್ರಮ್ ಎಷ್ಟೋ ಮೇಲು. ಪೂರ್ತಿ ನಕ್ಷೆಯ ಬದಲು ಎರಡು ಹಾಫ್-ಮಿಷನ್ ನಕ್ಷೆಗಳನ್ನು (ಒಂದೊಂದೂ ಅರ್ಧ ಅವಧಿಯ ದತ್ತಾಂಶದ್ದು) ಇಳಿಸಿಕೊಂಡು, ಎರಡನ್ನೂ ಒಟ್ಟಿಗೆ ಅನಾಫಾಸ್ಟ್‌ಗೆ ಕೊಡಿ. ಆಕಾಶ ಎರಡರಲ್ಲೂ ಒಂದೇ, ಗದ್ದಲ ಬೇರೆ ಬೇರೆ. ಹಾಗಾಗಿ ಗದ್ದಲದ ಪಾಲು ಸರಾಸರಿಯಲ್ಲಿ ತಾನಾಗಿಯೇ ಹೋಗುತ್ತದೆ. ಈ ಅರ್ಧ ನಕ್ಷೆಗಳಲ್ಲಿ ಸರಿಯಾಗಿ ನೋಡದೇ ಉಳಿದ ಪಿಕ್ಸೆಲ್‌ಗಳಿಗೆ ಬೇರೆಯೇ ಮಾಸ್ಕ್ ಇದೆ, ಅದನ್ನೂ ಸೇರಿಸಿಕೊಳ್ಳಿ.

ಆಮೇಲೂ ದೊಡ್ಡ ಎಲ್‌ಗಳಲ್ಲಿ ಸ್ವಲ್ಪ ಹೆಚ್ಚುವರಿ ಉಳಿದರೆ ಅದು ನಿಮ್ಮ ತಪ್ಪಲ್ಲ. ಬಿಡಿಬಿಡಿಯಾಗಿ ಕಾಣದಷ್ಟು ಮಂದವಾದ ದೂರದ ಗೆಲಾಕ್ಸಿಗಳ ಬೆಳಕು ಅದು. ಇದೇ ಕಾರಣಕ್ಕೆ ಪ್ಲಾಂಕ್ ತಂಡ ತನ್ನ ಅಧಿಕೃತ ಫಲಿತಾಂಶವನ್ನು ಸ್ಮೈಕಾ ನಕ್ಷೆಯಿಂದ ತೆಗೆಯಲಿಲ್ಲ. ದೊಡ್ಡ ಎಲ್‌ಗಳಿಗೆ 100, 143, 217 ಗಿಗಾಹರ್ಟ್ಜ್ ನಕ್ಷೆಗಳ ಕ್ರಾಸ್ ಸ್ಪೆಕ್ಟ್ರಮ್‌ಗಳನ್ನು ಬಳಸಿ, ಗೆಲಾಕ್ಸಿಗಳ ಪಾಲನ್ನು ಮಾದರಿಯೊಳಗೇ ಸೇರಿಸಿತು. ಮನೆಯಲ್ಲಿ ಮಾಡುವವರು ಎಲ್ 1,500ಕ್ಕೆ ನಿಲ್ಲಿಸಿದರೆ ಸಾಕು ಅನ್ನುವುದು ನನ್ನ ಸಲಹೆ. ಐದು ಶೃಂಗಗಳು ಅಷ್ಟರಲ್ಲೇ ಸಿಗುತ್ತವೆ.

ಗ್ರಾಫ್‌ನ ಆಕಾರ ನೋಡಿಯೇ ರೋಗ ಹೇಳಬಹುದಾದ ಇನ್ನು ಕೆಲವು ಸಂಗತಿಗಳಿವೆ. ಶೃಂಗವೇ ಇಲ್ಲದೆ ಗೊಂದಲದ ಗೆರೆ ಬಂದರೆ ಪಿಕ್ಸೆಲ್‌ಗಳ ಕ್ರಮ ತಪ್ಪಿದೆ: ಪ್ಲಾಂಕ್ ಫೈಲ್‌ಗಳು ನೆಸ್ಟೆಡ್ ಕ್ರಮದಲ್ಲಿರುತ್ತವೆ, ಅನಾಫಾಸ್ಟ್‌ಗೆ ರಿಂಗ್ ಕ್ರಮ ಬೇಕು. ಹೀಲ್‌ಪೈಯ ರೀಡ್‌ಮ್ಯಾಪ್ ತಾನೇ ಬದಲಿಸಿ ಕೊಡುತ್ತದೆ, ಆಸ್ಟ್ರೊಪೈ ತಂತ್ರಾಂಶದಿಂದ ನೇರ ಓದಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆಕಾರ ಸರಿಯಿದ್ದು ಎತ್ತರ ತೀರಾ ಚಿಕ್ಕದಾಗಿದ್ದರೆ ಏಕಮಾನ ನೋಡಿ: ನಕ್ಷೆ ಕೆಲ್ವಿನ್‌ನಲ್ಲಿದೆ, ಸ್ಪೆಕ್ಟ್ರಮ್ ಅದರ ವರ್ಗ, ಹಾಗಾಗಿ ಮೈಕ್ರೊಕೆಲ್ವಿನ್‌ಗೆ ತರಲು 10ರ 12ನೇ ಘಾತದಿಂದ ಗುಣಿಸಬೇಕು. ಎಡತುದಿ ವಿಪರೀತ ಎದ್ದಿದ್ದರೆ ಮಾನೊಪೋಲ್ (ಇಡೀ ಆಕಾಶದ ಸರಾಸರಿ) ಅಥವಾ ಡೈಪೋಲ್ (ನಮ್ಮ ಚಲನೆಯಿಂದ ಒಂದು ಬದಿ ಬಿಸಿಯಾಗಿ, ಎದುರು ಬದಿ ತಂಪಾಗಿ ಕಾಣುವುದು) ಉಳಿದಿದೆ. ಮಾಸ್ಕ್‌ನ ಹೊರಗಿನ ಆಕಾಶದ ಮೇಲೆ ಅವೆರಡನ್ನೂ ಹೊಂದಿಸಿ ಕಳೆದ ಮೇಲೆಯೇ ಮಾಸ್ಕ್ ಹಾಕಿ. ಸ್ಮೈಕಾದಲ್ಲಿ ಇದು ಚಿಕ್ಕದು. ಆದರೆ ಪ್ಲಾಂಕ್ ದತ್ತಾಂಶದ ಎನ್‌ಪೈಪ್ ಎಂಬ ನಂತರದ ಆವೃತ್ತಿಯ ಆವರ್ತನ ನಕ್ಷೆಗಳಿಗೆ ಹೋದರೆ 3.36 ಮಿಲಿಕೆಲ್ವಿನ್ ಡೈಪೋಲ್ ಹಾಗೇ ಇರುತ್ತದೆ. ನಾವು ಹುಡುಕುತ್ತಿರುವ ಏರಿಳಿತ ಸುಮಾರು 0.1 ಮಿಲಿಕೆಲ್ವಿನ್ ಮಾತ್ರ, ಬಿಟ್ಟರೆ ಅದು ಎಲ್ಲವನ್ನೂ ನುಂಗುತ್ತದೆ.

ಬಿಂದುಗಳು ಚದುರಿವೆ ಎಂದೂ ಬರೆದಿದ್ದೀರಿ. ಚದುರಲೇಬೇಕು. ನಮಗಿರುವುದು ಒಂದೇ ಆಕಾಶ. ಎಲ್ 2ಕ್ಕೆ ಐದೇ ಸ್ವತಂತ್ರ ಅಳತೆಗಳು, ಆದ್ದರಿಂದ ಉಪಕರಣ ಎಷ್ಟೇ ಒಳ್ಳೆಯದಿದ್ದರೂ 63% ಅನಿಶ್ಚಿತತೆ ತಪ್ಪಿದ್ದಲ್ಲ. 220ರಲ್ಲಿ, ನಿಮ್ಮ ಮಾಸ್ಕ್‌ನೊಂದಿಗೆ, ಒಂದೊಂದು ಎಲ್‌ಗೂ ಸುಮಾರು 7.6%. ಮೂವತ್ತು ಎಲ್‌ಗಳನ್ನು ಸೇರಿಸಿ ಸರಾಸರಿ ತೆಗೆದರೆ ಅದು 1.4%ಕ್ಕೆ ಇಳಿಯುತ್ತದೆ. ಹೀಗೆ ಸೇರಿಸುವುದರಿಂದ ಇನ್ನೊಂದು ಲಾಭವೂ ಇದೆ: ಮಾಸ್ಕ್ ಅಕ್ಕಪಕ್ಕದ ಎಲ್‌ಗಳನ್ನು ಒಂದಕ್ಕೊಂದು ಬೆರೆಸಿರುತ್ತದೆ, ಅಗಲವಾದ ಗುಂಪುಗಳಲ್ಲಿ ಆ ಬೆರಕೆ ಹೆಚ್ಚು ತೊಂದರೆ ಕೊಡುವುದಿಲ್ಲ. ಅದನ್ನು ಸರಿಯಾಗಿಯೇ ಬಿಡಿಸಬೇಕೆಂದರೆ ಅಂಚು ನಯಗೊಳಿಸಿದ ಮಾಸ್ಕ್‌ನೊಂದಿಗೆ ನಾಮಾಸ್ಟರ್ ತಂತ್ರಾಂಶ ಬಳಸಿ.

ಸಿದ್ಧಾಂತ ಹೇಳುವ ಸ್ಪೆಕ್ಟ್ರಮ್‌ನ ಗೆರೆಗೆ ಕ್ಯಾಂಬ್ ತಂತ್ರಾಂಶ ಸಾಕು. ಅದಕ್ಕೆ ಕೊಡಬೇಕಾದ ಅಂಕಿಗಳು: ಹಬಲ್ ಸ್ಥಿರಾಂಕ 67.4, ಬೇರಿಯಾನ್ (ಸಾಮಾನ್ಯ ದ್ರವ್ಯ) ಸಾಂದ್ರತೆ 0.0224, ಕಪ್ಪು ದ್ರವ್ಯ 0.120, ಟಾವ್ (ದಾರಿಯಲ್ಲಿ ಎಲೆಕ್ಟ್ರಾನ್‌ಗಳಿಂದ ಬೆಳಕು ಚದುರಿದ ಪ್ರಮಾಣ) 0.054, ಎನ್‌ಎಸ್ (ಆರಂಭದ ಏರಿಳಿತಗಳ ಇಳಿಜಾರು) 0.965, ಎಎಸ್ (ಅವುಗಳ ಪ್ರಮಾಣ) 10ರ ಮೈನಸ್ 9ನೇ ಘಾತದ 2.1 ಪಟ್ಟು. ಕ್ಯಾಂಬ್ ಕೊಡುವ ಪಟ್ಟಿಯಲ್ಲಿ ಎಲ್(ಎಲ್+1)/2ಪೈ ಗುಣಕ ಮೊದಲೇ ಸೇರಿದೆ, ಅನಾಫಾಸ್ಟ್ ಕೊಡುವುದರಲ್ಲಿ ಸೇರಿಲ್ಲ. ಇಲ್ಲಿ ಎರಡು ಸಲ ಗುಣಿಸುವವರೇ ಹೆಚ್ಚು. ಲೆನ್ಸಿಂಗ್ (ದಾರಿಯ ದ್ರವ್ಯದ ಗುರುತ್ವ ಬೆಳಕನ್ನು ಬಾಗಿಸುವುದು) ಸೇರಿಸಿದ ಮೊತ್ತವನ್ನೇ ಆರಿಸಿ, ಇಲ್ಲದಿದ್ದರೆ ಗೆರೆಯ ಶೃಂಗಗಳು ದತ್ತಾಂಶಕ್ಕಿಂತ ಚೂಪಾಗಿ ಕಾಣುತ್ತವೆ.

ಗೆರೆ ಕೂತ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ, ದಯವಿಟ್ಟು. ಬೇರಿಯಾನ್ ಸಾಂದ್ರತೆಯನ್ನು 0.0224ರಿಂದ 0.030ಕ್ಕೆ ಏರಿಸಿ ನೋಡಿ: ಮೊದಲ ಶೃಂಗ ಏಳುತ್ತದೆ, ಅದರ ಎದುರು ಎರಡನೆಯದು ಕುಗ್ಗುತ್ತದೆ. ಮಹಾಸ್ಫೋಟದ 3.8 ಲಕ್ಷ ವರ್ಷಗಳ ನಂತರ ಬೆಳಕು ಬಿಡುಗಡೆಯಾಗುವವರೆಗೆ ಪ್ಲಾಸ್ಮಾದಲ್ಲಿ ಶಬ್ದದ ಅಲೆಗಳು ಓಡಾಡುತ್ತಿದ್ದವು. ಬೆಸ ಶೃಂಗಗಳು ಗುರುತ್ವದ ಗುಳಿಗೆ ಬಿದ್ದು ಒತ್ತಿಕೊಂಡ ಅಲೆಗಳು, ಸಮ ಶೃಂಗಗಳು ಮರಳಿ ಹಿಗ್ಗಿದ ಅಲೆಗಳು. ಬೇರಿಯಾನ್ ಹೆಚ್ಚಿದಷ್ಟೂ ತೂಕ ಹೆಚ್ಚಿ ಒತ್ತಿಕೊಳ್ಳುವುದು ಆಳವಾಗುತ್ತದೆ, ಹಿಗ್ಗುವುದು ಕಡಿಮೆಯಾಗುತ್ತದೆ. ವಿಶ್ವದಲ್ಲಿ ಸಾಮಾನ್ಯ ದ್ರವ್ಯ ಎಷ್ಟಿದೆ ಎಂಬುದನ್ನು ಎರಡು ಗುಡ್ಡಗಳ ಎತ್ತರ ಹೋಲಿಸಿ ಹೇಳಬಹುದು ಅನ್ನುವುದು ಎಷ್ಟು ಸಲ ನೋಡಿದರೂ ನನಗೆ ಬೆರಗು ಹುಟ್ಟಿಸುತ್ತದೆ. ಆ ಅಲೆಗಳು ಓಡಿದ ದೂರ ಇಂದಿನ ಅಳತೆಯಲ್ಲಿ ಸುಮಾರು 144 ಮೆಗಾಪಾರ್ಸೆಕ್. ನಮ್ಮಿಂದ ಆ ಬೆಳಕಿನ ಹೊರಮೈಗೆ 13,900 ಮೆಗಾಪಾರ್ಸೆಕ್. ಭಾಗಿಸಿದರೆ ಆಕಾಶದಲ್ಲಿ 0.6 ಡಿಗ್ರಿ. ಶೃಂಗದಿಂದ ಶೃಂಗಕ್ಕೆ ಸರಿಸುಮಾರು 300 ಎಲ್ ಅಂತರ ಬರುವುದು ಇದರಿಂದಲೇ.

ಶರಾವತಿ ಹಿನ್ನೀರಿನಲ್ಲಿ ನಡೆದ ಪ್ರಯೋಗವೂ ಇದೇನಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅಲ್ಲ, ಆದರೆ ಹತ್ತಿರದ ನೆಂಟಸ್ತಿಕೆ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸಾರಸ್ 3 ರೇಡಿಯೊ ದೂರದರ್ಶಕವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳತೆ ಮಾಡಿದರು. ಅವರು ಹುಡುಕಿದ್ದು ಆಕಾಶದ ಮೇಲಿನ ಚಿತ್ತಾರವನ್ನಲ್ಲ. ಇದೇ ಹಿನ್ನೆಲೆ ವಿಕಿರಣದಿಂದ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸ್ವಲ್ಪ ಪಾಲನ್ನು ಹೀರಿಕೊಂಡಿರಬೇಕು, ಆ ತಗ್ಗನ್ನು ಹುಡುಕಿದರು. 2018ರಲ್ಲಿ ಎಡ್ಜಸ್ ಎಂಬ ಇನ್ನೊಂದು ರೇಡಿಯೊ ಪ್ರಯೋಗದ ತಂಡ 78 ಮೆಗಾಹರ್ಟ್ಜ್‌ನಲ್ಲಿ ಅಂಥದ್ದೊಂದು ತಗ್ಗು ಕಂಡಿತೆಂದು ಹೇಳಿತ್ತು. ನೆಲದೊಳಗಿನ ಪದರಗಳು ಆಂಟೆನಾದ ಅಳತೆಗೆ ಸುಳ್ಳು ಏರಿಳಿತ ಸೇರಿಸುತ್ತವೆ, ಆಳದ ನೀರು ಏಕರೂಪವಾಗಿರುತ್ತದೆ. ಕೆರೆಗೆ ಇಳಿದದ್ದು ಅದಕ್ಕೇ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾರಸ್ ತಂಡ ಎಡ್ಜಸ್ ಹೇಳಿದ ತಗ್ಗನ್ನು 95.3% ವಿಶ್ವಾಸದೊಂದಿಗೆ ತಳ್ಳಿಹಾಕಿತು.