ಹತ್ತಿಯ ಎಳೆ ಮತ್ತು ವಿಜ್ಞಾನದ ಪ್ರಶ್ನೆ

ಪ್ರಶ್ನೆ: ವಿಜ್ಞಾನದ ಸತ್ಯ ಎಲ್ಲರಿಗೂ ಒಂದೇ ಎಂದ ಮೇಲೆ ಸಮಾಜದ ಸಂಸ್ಥೆಗಳು ಅದನ್ನು ರೂಪಿಸುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಹತ್ತಿಯ ಎಳೆಯನ್ನು ಯಾರು ಅಳೆದರೂ ಉದ್ದ ಅಷ್ಟೇ ಬರುತ್ತದೆ, ಆದರೆ ಉದ್ದವನ್ನೇ ಏಕೆ ಅಳೆಯಬೇಕೆಂದು ತೀರ್ಮಾನಿಸುವವರು ಬೇರೆ. ನಿಮ್ಮ ಸುತ್ತಲಿನ ಎರೆಹೊಲಗಳನ್ನೇ ನೋಡಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಯ ಪ್ರಯೋಗಕ್ಕೆ ಹಣ ತೊಡಗಿಸಿದ್ದು, ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಬಟ್ಟೆ ಗಿರಣಿಗಳಿಗೆ ಉದ್ದ ಎಳೆ ಬೇಕಿದ್ದುದರಿಂದ. ಜವಾರಿ ಅರಳೆಯನ್ನು ಬೆರಳಲ್ಲಿ ಹಿಂಜಿದರೆ ಎಳೆ ಗಿಡ್ಡವೇ, ನಿಜ. ಆದರೆ ಕಡಿಮೆ ಮಳೆಯಲ್ಲೂ ತಾಳಿಕೊಳ್ಳುವ ಅದರ ಗುಣ ಗಿರಣಿಯ ಅಳತೆಗೋಲಿಗೆ ದಕ್ಕುವಂಥದ್ದಲ್ಲ, ಇದು ನನ್ನನ್ನು ಇಂದಿಗೂ ಕಾಡುತ್ತದೆ. 1972ರಲ್ಲಿ ಧಾರವಾಡದಲ್ಲೇ ರೂಪುಗೊಂಡ ವರಲಕ್ಷ್ಮಿ ಸಂಕರ ತಳಿ ನಮ್ಮವರ ದೊಡ್ಡ ಸಾಧನೆ. ಅಲ್ಲಿಯೂ ಹೆಮ್ಮೆಯಿಂದ ಎಣಿಸಿದ್ದು ಎಳೆಯ ಉದ್ದವನ್ನೇ.