ಒದರುವ ಆಡು, ಸುಮ್ಮನೆ ನಿಂತ ಕುರಿ

ಆಡು-ಕುರಿಗಳ ದನಿ, ನಿಲುವು, ಕಿವಿ-ಬಾಲಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಮನೆಯ ಎರಡು ಆಡುಗಳಲ್ಲಿ ಒಂದು ನಿನ್ನೆಯಿಂದ ಒಂದೇ ಸಮ ಒದರುತ್ತಿದೆ. ಮೇವು ಅಷ್ಟಕ್ಕಷ್ಟೇ. ಹೊಟ್ಟೆನೋವು ಇರಬಹುದೇ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಮೊದಲು ಬಾಲ ನೋಡಿ. ಪಟಪಟನೆ ಆಡಿಸುತ್ತಿದ್ದು, ಬಾಲದ ಕೆಳಗೆ ಕೆಂಪೇರಿ ಒದ್ದೆಯಾಗಿದ್ದು, ಜೊತೆಯ ಆಡಿನ ಮೇಲೆ ಹತ್ತಲು ಹೋಗುತ್ತಿದ್ದರೆ ಅದು ಬೆದೆ. 24ರಿಂದ 36 ತಾಸು ಈ ಗದ್ದಲ ಇರುತ್ತದೆ, ಗಬ್ಬವಾಗದಿದ್ದರೆ 18–21 ದಿನಕ್ಕೆ ಮತ್ತೆ ಶುರು. ಹೋತ ಕೊಡಿಸುವುದಾದರೆ ಒದರಲು ಹತ್ತಿ ಅರ್ಧ ದಿನವಾದ ಮೇಲೆ ಒಮ್ಮೆ, ಇನ್ನರ್ಧ ದಿನ ಬಿಟ್ಟು ಮತ್ತೊಮ್ಮೆ ಕೊಡಿಸಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕುರಿಯದು ಹೀಗಲ್ಲ. ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬಂದರೂ ಬಾಯಿ ಬಿಡದೆ ಟಗರಿನ ಸುತ್ತ ಸುಳಿಯುತ್ತದೆ. ಟಗರು ಅದರ ಮೂತ್ರ ಮೂಸಿ, ಮೇಲ್ದುಟಿ ಮಡಚಿ, ಮುಖ ಮೇಲೆತ್ತಿ ನಿಂತಾಗ ಗೊತ್ತಾಗಬೇಕು. ನಕ್ಕಂತೆ ಕಾಣುತ್ತದೆ. ಆದರೆ ಅದು ಅಂಗುಳಿನ ಮೇಲಿರುವ ಇನ್ನೊಂದು ವಾಸನೆಯ ಅಂಗಕ್ಕೆ ಗಾಳಿ ಎಳೆದುಕೊಳ್ಳುವ ಬಗೆ.

ಪ್ರಶ್ನೆ: ಬಕ್ರೀದಿಗೆಂದು ಸಾಕಿದ, ಬೀಜ ಒಡೆಸಿದ ಟಗರು. ಗೋವಿನಜೋಳ, ಗೋಧಿ ಬೂಸಾ ಚೆನ್ನಾಗಿ ತಿನ್ನುತ್ತಿತ್ತು. ಬೆಳಿಗ್ಗೆಯಿಂದ ಹಿಂಗಾಲು ಹಿಂದಕ್ಕೆ ಚಾಚಿ ನಿಂತು ಮುಕ್ಕರಿಯುತ್ತಾ ನರಳುತ್ತಿದೆ. ಹಿಕ್ಕಿ ಕಟ್ಟಿದೆ, ಎಣ್ಣೆ ಕುಡಿಸಿ ಎನ್ನುತ್ತಾರೆ.
— ಓದುಗರು, ಬ್ಯಾಡಗಿ

ಉತ್ತರ: ಎಣ್ಣೆ ಕುಡಿಸಿ ಕಾಯುತ್ತ ಕೂರಬೇಡಿ. ಗಂಡುಪ್ರಾಣಿ ಹೀಗೆ ಮುಕ್ಕರಿದರೆ ಮೊದಲು ಸಂಶಯ ಪಡಬೇಕಾದ್ದು ಮೂತ್ರದ ಮೇಲೆ, ಹಿಕ್ಕಿಯ ಮೇಲಲ್ಲ. ಒಣ ಗೋಣಿಚೀಲ ಹಾಸಿ ಅದರ ಮೇಲೆ ಕಟ್ಟಿ. ಚೀಲ ಒದ್ದೆಯಾಯಿತೇ, ಹನಿ ಮಾತ್ರ ಬಿದ್ದಿತೇ? ಮೂತ್ರ ಬರುವ ಜಾಗದ ಕೂದಲನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಒಣಗಿ, ಉಸುಕಿನಂಥ ಹರಳು ಕೈಗೆ ಹತ್ತಿದರೆ ಕಲ್ಲು ಕಟ್ಟಿದೆ ಎಂದೇ ಹಿಡಿಯಿರಿ. ಬಾಲದ ಬುಡ ಪಂಪು ಹೊಡೆದಂತೆ ಮೇಲೆ ಕೆಳಗೆ ಆಡುವುದು, ಹಲ್ಲು ಕಡಿಯುವುದು, ಪದೇ ಪದೇ ಹೊಟ್ಟೆಯ ಕಡೆ ತಿರುಗಿ ನೋಡುವುದು ಇದರದೇ ಗುರುತು.

ಮೋಸ ಮಾಡುವ ಗಳಿಗೆ ಒಂದಿದೆ. ನರಳುತ್ತಿದ್ದ ಟಗರು ಮರುದಿನ ತಟ್ಟನೆ ಶಾಂತವಾಗುತ್ತದೆ. ಗುಣವಾಯಿತು ಎಂದು ಮನೆಯವರು ಸಮಾಧಾನ ಪಡುತ್ತಾರೆ. ಎಷ್ಟೋ ಸಲ ಆಗ ಮೂತ್ರಕೋಶ ಒಡೆದಿರುತ್ತದೆ. ಬಿಗಿತ ಇಳಿದಿದ್ದರಿಂದ ನೋವು ಕಡಿಮೆಯಾಗಿರುತ್ತದೆ, ಆಮೇಲೆ ಹೊಟ್ಟೆ ನೀರು ತುಂಬಿ ಜೋಲುತ್ತದೆ. ಆದ್ದರಿಂದ ಇವತ್ತೇ ಪಶುವೈದ್ಯರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಟಗರಿನ ಶಿಶ್ನದ ತುದಿಯಲ್ಲಿ ದಾರದಂಥ ಸಣ್ಣ ಎಳೆಯಿರುತ್ತದೆ. ಕಲ್ಲು ಹೆಚ್ಚಾಗಿ ಸಿಗುವುದು ಅಲ್ಲೇ, ಅದನ್ನು ವೈದ್ಯರು ಕತ್ತರಿಸಿದರೆ ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ಮೂತ್ರ ಹೆಚ್ಚಿಸುವ ಔಷಧಿಯನ್ನು ನೀವಾಗಿ ಕೊಡಬೇಡಿ. ಮುಚ್ಚಿದ ಕೊಳವೆಯ ಹಿಂದೆ ಇನ್ನಷ್ಟು ನೀರು ತುಂಬಿದಂತಾಗುತ್ತದೆ.

ಕಾರಣ ದಾಣಿಯಲ್ಲಿದೆ. ಕಾಳು ಮತ್ತು ಬೂಸಾದಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣದ ಅಂಶ ಕಡಿಮೆ. ಒಟ್ಟು ಮೇವಿನಲ್ಲಿ ರಂಜಕದ ಎರಡರಷ್ಟು ಸುಣ್ಣದ ಅಂಶ ಇರಬೇಕು. ಎಳೆಯದರಲ್ಲೇ ಬೀಜ ಒಡೆಸಿದ್ದರೆ ಮೂತ್ರನಾಳವೂ ಸಣ್ಣದಾಗಿ ಉಳಿಯುತ್ತದೆ. ಮುಂದಿನ ಟಗರಿಗೆ ಬೂಸಾ ಇಳಿಸಿ, ಶೇಂಗಾ ಬಳ್ಳಿ ಏರಿಸಿ, ದಾಣಿಗೆ ನೂರಕ್ಕೆ ಒಂದು ಪಾಲು ಉಪ್ಪು ಬೆರೆಸಿ, ನೀರು ದಿನವಿಡೀ ಮುಂದೆ ಇಡಿ.

ಪ್ರಶ್ನೆ: ಹಿಂಡಿನಲ್ಲಿ ಒಂದು ಕುರಿ ಒದರುವುದೇ ಇಲ್ಲ, ಕೊನೆಗೆ ಬರುತ್ತದೆ. ಗಾಯವೇನೂ ಕಾಣುವುದಿಲ್ಲ.
— ಓದುಗರು, ಲಕ್ಷ್ಮೇಶ್ವರ

ಉತ್ತರ: ಕುರಿ ಒದರುವುದು ಮರಿ ಕಾಣದಾಗ, ಹಿಂಡು ತಪ್ಪಿದಾಗ, ಹಸಿದಾಗ. ನೋವಾದರೆ ಸುಮ್ಮನಾಗುತ್ತದೆ, ಯಾಕೆಂದರೆ ತೋಳನ ಕಣ್ಣಿಗೆ ಮೊದಲು ಬೀಳುವುದು ನರಳುವ ಪ್ರಾಣಿ. ಹತ್ತಿರ ಹೋದರೆ ಗಟ್ಟಿಮುಟ್ಟಾಗಿರುವಂತೆ ನಿಂತುಬಿಡುತ್ತದೆ. ನಾಯಿಯನ್ನು ಕಟ್ಟಿಹಾಕಿ, ಹದಿನೈದು ಹೆಜ್ಜೆ ದೂರ ಕೂತು, ತಂಪು ಹೊತ್ತಿನಲ್ಲಿ ನೋಡಿ. ಮೆಲುಕು ಹಾಕುತ್ತಿದೆಯೇ? ಪಕ್ಕೆಯ ಏರಿಳಿತ ಎಣಿಸಿ: ನಿಮಿಷಕ್ಕೆ 12ರಿಂದ 20 ಉಸಿರು ಸರಿ. ಗುದದ್ವಾರದಲ್ಲಿ ಅಳೆದ ಮೈಬಿಸಿ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು.

ಮುಖವೂ ಹೇಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಗೊರಸು ಕೊಳೆತ ಮತ್ತು ಕೆಚ್ಚಲು ಬಾವು ಬಂದ ಕುರಿಗಳನ್ನು ನೋಡಿ ಒಂದು ಅಳತೆಪಟ್ಟಿ ಮಾಡಿದರು. ಅದರಂತೆ ನೋಡಬೇಕಾದ್ದು ಐದು ಕಡೆ: ಅರೆಮುಚ್ಚಿದ ಕಣ್ಣು, ಬಿಗಿದ ಕೆನ್ನೆ, ಹಿಂದಕ್ಕೆ ತಿರುಚಿದ ಕಿವಿ, ತುಟಿ-ದವಡೆಯ ಗೆರೆ, ಕಿರಿದಾದ ಮೂಗಿನ ಹೊಳ್ಳೆ. ನಮ್ಮ ಡೆಕ್ಕನಿ ಕುರಿಯ ಕಿವಿ ಮೊದಲೇ ಜೋತಿರುತ್ತದೆ. ಅದರಲ್ಲಿ ಕಿವಿಯ ತುದಿಯನ್ನಲ್ಲ, ಬುಡ ಯಾವ ಕಡೆ ತಿರುಗಿದೆ ಎಂಬುದನ್ನು ನೋಡಿ, ಪಕ್ಕದ ಕುರಿಯ ಜೊತೆ ಹೋಲಿಸಿ. ಕೊನೆಗೆ ನಾಲ್ಕೂ ಗೊರಸು ಸೀಳಿನಲ್ಲಿ ಬೆರಳಿಟ್ಟು ಮೂಸಿ. ಕೊಳೆತಿದ್ದರೆ ನಾತ ಅಲ್ಲೇ ಸಿಗುತ್ತದೆ. ಕೆಚ್ಚಲಿನ ಎರಡು ಬದಿಯ ಬಿಸಿಯನ್ನೂ ಹೋಲಿಸಿ.

ಪ್ರಶ್ನೆ: ಮಧ್ಯಾಹ್ನ ಕುರಿಗಳು ಒಂದರ ಹೊಟ್ಟೆಯ ಕೆಳಗೊಂದು ತಲೆ ತೂರಿಸಿ ನಿಂತು ಸೀನುತ್ತವೆ. ಬರೀ ಬಿಸಿಲಿಗೇ?
— ಓದುಗರು, ರೋಣ

ಉತ್ತರ: ತಲೆಗೆ ನೆರಳು ಹುಡುಕುವುದು ಹೌದು. ಸೀನು, ತಲೆ ಕೊಡವುವುದು, ಮೂಗನ್ನು ನೆಲಕ್ಕೆ ಒತ್ತುವುದು ಸೇರಿದರೆ ಮೂಗಿನ ನೊಣ. ಅದು ಹಾರುತ್ತಲೇ ಹೊಳ್ಳೆಯೊಳಗೆ ಮರಿಹುಳ ಚಿಮ್ಮಿಸುತ್ತದೆ, ಹುಳ ಮೇಲೇರಿ ಬೆಳೆಯುತ್ತದೆ, ದಪ್ಪ ಸಿಂಬಳ ಸುರಿಯುತ್ತದೆ. ಪಶುವೈದ್ಯರ ಹತ್ತಿರ ಔಷಧಿಯಿದೆ. ಒಂದೇ ಕಡೆಗೆ ಗಿರಗಿರ ಸುತ್ತುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು ಬೇರೆ ಕಥೆ: ನಾಯಿಯ ಲಾಡಿಹುಳದ ಮರಿ ಮಿದುಳು ಸೇರಿದಾಗ ಹೀಗಾಗುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕುವುದನ್ನು ನಿಲ್ಲಿಸಿ, ನಾಯಿಗೆ ಜಂತಿನ ಮಾತ್ರೆ ಕೊಡಿಸಿ.

ಪ್ರಶ್ನೆ: ಮೊಬೈಲಿನಲ್ಲಿ ಅಲ್ಪಾಕಾ ಎಂಬ ಪ್ರಾಣಿ ಗುಂಯ್‌ಗುಡುತ್ತಾ ಉಗುಳುವುದನ್ನು ನೋಡಿದೆ. ಉಗುಳುವುದೇಕೆ? ಜೊತೆಗೆ ಇನ್ನೊಂದು: ಬಾಟ್ಲಿ ಹಾಲು ಕುಡಿಸಿ ಬೆಳೆಸಿದ ನಮ್ಮ ಟಗರು ಈಗ ಮಕ್ಕಳನ್ನು ಗುದ್ದುತ್ತದೆ.
— ಓದುಗರು, ಕುಂದಗೋಳ

ಉತ್ತರ: ಅಲ್ಪಾಕಾ ಪೆರು, ಬೊಲಿವಿಯಾಗಳ ಎತ್ತರದ ಸೀಮೆಯದು, ಒಂಟೆಯ ಬಳಗ. ಗುಂಯ್‌ಗುಡುವುದು ಅದರ ದಿನದ ಮಾತು: ತಾಯಿ-ಮರಿ ಒಂದನ್ನೊಂದು ಕರೆಯುವುದಕ್ಕೂ ಅದೇ, ಗಾಬರಿಗೂ ಅದೇ. ಉಗುಳುವ ಮುಂಚೆ ಕಿವಿ ಹಿಂದಕ್ಕೆ ಅಂಟಿಸಿ ಗದ್ದ ಮೇಲೆತ್ತುತ್ತದೆ. ಮೊದಲು ಬರೀ ಗಾಳಿ, ಆಮೇಲೆ ಬಾಯಿಯ ಹುಲ್ಲು, ಸಿಟ್ಟು ಏರಿದರೆ ಹೊಟ್ಟೆಯ ಹಸಿರು ರಸ. ಹೆಚ್ಚಾಗಿ ಮೇವಿನ ಜಗಳದಲ್ಲಿ ತಮ್ಮತಮ್ಮಲ್ಲೇ ಉಗುಳಿಕೊಳ್ಳುತ್ತವೆ. ಗಬ್ಬವಾದ ಹೆಣ್ಣು ಹತ್ತಿರ ಬಂದ ಗಂಡಿಗೆ ಉಗುಳಿ ಅಟ್ಟುತ್ತದೆ, ಸಾಕುವವರು ಗಬ್ಬ ತಿಳಿಯಲು ಅದನ್ನೇ ನೋಡುತ್ತಾರೆ.

ನಿಮ್ಮ ಎರಡೂ ಪ್ರಶ್ನೆ ಸೇರುವುದು ಇಲ್ಲಿ: ಮನುಷ್ಯರ ಮಡಿಲಲ್ಲೇ ಬೆಳೆದ ಗಂಡು ಅಲ್ಪಾಕಾವೂ ದೊಡ್ಡದಾದಾಗ ಮೈಮೇಲೆ ಬೀಳುತ್ತದೆ. ಅದಕ್ಕೆ ನಾವೂ ಹಿಂಡಿನ ಇನ್ನೊಂದು ಗಂಡೇ. ಟಗರಿನ ವಿಷಯದಲ್ಲಿ ಇನ್ನೊಂದು ತಪ್ಪು ಸೇರಿರುತ್ತದೆ. ಮರಿಯಿದ್ದಾಗ ಹಣೆಗೆ ಅಂಗೈ ಒತ್ತಿ ಆಡಿಸಿರುತ್ತೀರಿ. ಹಣೆ ಒತ್ತುವುದೆಂದರೆ ಟಗರಿನ ಭಾಷೆಯಲ್ಲಿ ಕಾಳಗಕ್ಕೆ ಕರೆ. ಮುದ್ದು ಬಂದರೆ ಗದ್ದದ ಕೆಳಗೆ ತುರಿಸಿ.

ಗುದ್ದುವ ಮುಂಚೆ ಅದು ಗದ್ದ ಎದೆಗೆ ಎಳೆದುಕೊಂಡು, ಎರಡು ಮೂರು ಹೆಜ್ಜೆ ಹಿಂದೆ ಸರಿಯುತ್ತದೆ. ಹೆದರಿ ಹಿಂದೆ ಹೋಯಿತು ಎಂದು ಮಕ್ಕಳು ಮುಂದೆ ಬರುವುದು ಆಗಲೇ. ಅದಕ್ಕೆ ಬೆನ್ನು ತೋರಿಸಬೇಡಿ, ಓಡಬೇಡಿ, ಪಕ್ಕಕ್ಕೆ ಸರಿದು ಬಾಗಿಲು ಹಾಕಿಕೊಳ್ಳಿ. ನೀರು-ದಾಣಿಯ ತೊಟ್ಟಿಯನ್ನು ಹೊರಗಿನಿಂದಲೇ ತುಂಬುವಂತೆ ಬೇಲಿಗೆ ಹೊಂದಿಸಿ. ಹೊಡೆದು ಬುದ್ಧಿ ಕಲಿಸುವುದು ಆಗದ ಮಾತು, ಅದೂ ಕಾಳಗವೆಂದೇ ಅದರ ಲೆಕ್ಕ. ಮಕ್ಕಳಿರುವ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಳ್ಳದಿರುವುದು ಒಳಿತು. ಮುಂದಿನ ತಬ್ಬಲಿ ಮರಿಗೆ ಬಾಟ್ಲಿ ಹಾಲು ಕೊಡಿ, ಆದರೆ ಕುಡಿದ ಕೂಡಲೇ ಬೇರೆ ಮರಿಗಳ ಜೊತೆ ದಡ್ಡಿಗೆ ಬಿಡಿ.